ಅದಕ್ಕೂ ಆಪರೇಷನ್ ಇದೆಯಾ ಮಗ?

ನಮ್ಮ ಕಡೆ ನಾಲ್ಕು ಜನ ಹೆಂಗಸರು ಒಟ್ಟಿಗೆ ಕೂತರೆ ಆಸ್ಪತ್ರೆ ಸುದ್ದಿ ಬರದೇ ಇರುವುದಿಲ್ಲ. ಮಂಡಿ ಆಪರೇಷನ್, ಕಣ್ಣಿನ ಪೊರೆ, ಪಿತ್ತಕೋಶದ ಕಲ್ಲು, ಎಲ್ಲಕ್ಕೂ ಡಾಕ್ಟರ ಹೆಸರು, ಖರ್ಚಾದ ದುಡ್ಡು, ಎಷ್ಟು ದಿನಕ್ಕೆ ಎದ್ದು ಓಡಾಡಿದರು ಅನ್ನುವುದರ ಸಮೇತ ವರದಿ ಸಿಗುತ್ತದೆ. ಗರ್ಭಕೋಶ ತೆಗೆಸಿದ್ದನ್ನೂ ಈಗ ಯಾರೂ ಮುಚ್ಚಿಡುವುದಿಲ್ಲ. ಆದರೆ ಅದರ ಕೆಳಗಿನ ಭಾಗಕ್ಕೆ, ಯೋನಿಗೆ, ಏನಾದರೂ ತೊಂದರೆ ಆಗಿ ಅದನ್ನು ಸರಿ ಮಾಡಿಸಿಕೊಂಡೆ ಅಂತ ಒಬ್ಬರೂ ಹೇಳಿದ್ದು ನಾನು ಕೇಳಿರಲಿಲ್ಲ. ಹಾಸನದ ಒಂದು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ದಿನಾ ನೂರಾರು ಹೆಣ್ಣುಮಕ್ಕಳ ಮಧ್ಯೆ ಇರುತ್ತೇನೆ. ಅವರ ತಾಯಂದಿರು ಬಂದು ಏನೇನೋ ಕಷ್ಟ ಹೇಳಿಕೊಳ್ಳುತ್ತಾರೆ. ಈ ವಿಷಯ ಮಾತ್ರ ಎಲ್ಲೋ ತಡೆದು ನಿಂತುಬಿಡುತ್ತದೆ. ಸುಮಾರು ದಿನದಿಂದ ಇದು ನನ್ನನ್ನು ಕಾಡುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಅವರೆಕಾಳು ಹಿಸುಕುತ್ತಾ

ಸಕಲೇಶಪುರದ ಆಚೆ ಹಾನುಬಾಳು ಕಡೆ ನಮ್ಮ ದೊಡ್ಡಮ್ಮನ ಮನೆ. ಸಣ್ಣ ಕಾಫಿ ತೋಟ, ಒಂದಿಷ್ಟು ಗದ್ದೆ, ಕೊಟ್ಟಿಗೆಯಲ್ಲಿ ದನ. ಐದು ಹೆರಿಗೆ, ಐದೂ ಮನೆಯಲ್ಲೇ. ಕೊನೆಯ ಮಗು ಹುಟ್ಟಿದ್ದು ನಾಟಿ ಸಮಯದಲ್ಲಂತೆ. ಬಾಣಂತನ ಅಂತ ಒಂದು ತಿಂಗಳೂ ಮಲಗಲಿಲ್ಲ, ಹುಲ್ಲಿನ ಹೊರೆ ಹೊತ್ತರು, ಗೊಬ್ಬರದ ಕುಕ್ಕೆ ಹೊತ್ತರು. ಸೌದೆ ಒಲೆಯ ಹೊಗೆಗೆ ಹತ್ತಿದ ಕೆಮ್ಮು ಬಿಡಲೇ ಇಲ್ಲ. ಒಂದು ಸಲ ಡಿಸೆಂಬರಿನಲ್ಲಿ ಸಾಲಗಾಮೆ ರಸ್ತೆಯ ನಮ್ಮ ಮನೆಗೆ ಬಂದು ಒಂದು ವಾರ ಇದ್ದರು. ರಾತ್ರಿ ಊಟ ಆದ ಮೇಲೆ ನಾವಿಬ್ಬರೂ ನೆನೆಸಿದ ಅವರೆಕಾಳು ಹಿಸುಕುತ್ತಾ ಕೂತಿದ್ದೆವು. ನಾನು ನೆಲದ ಮೇಲೆ, ಅವರು ಸೋಫಾದ ಮೇಲೆ. ನೆಲ ಬಿಟ್ಟು ಕೂರದ ಹೆಂಗಸು ಅವರು. ಯಾಕೆ ದೊಡ್ಡಮ್ಮ, ಮಂಡಿ ನೋವಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದರು. ಆಮೇಲೆ ಅವರೆಸಿಪ್ಪೆ ನೋಡುತ್ತಲೇ ಹೇಳಿದರು, "ಕುಕ್ಕರಗಾಲಲ್ಲಿ ಕೂತ್ರೆ ಕೆಳಗೆ ಬಂದ್ಬಿಡುತ್ತೆ ಮಗ."

ಏನು ಬರುತ್ತದೆ ಅಂತ ಕೇಳಬೇಕಾಗಲಿಲ್ಲ, ಗರ್ಭಕೋಶ ಜಾರಿತ್ತು. ಬೆಳಿಗ್ಗೆ ಎದ್ದಾಗ ಸರಿಯಿರುತ್ತದೆ, ಸಂಜೆ ಹೊತ್ತಿಗೆ ಭಾರ ಆಗುತ್ತದೆ. ಕೆಮ್ಮಿದರೆ, ಕೊಡ ಎತ್ತಿದರೆ ಹೊರಗೆ ಕೈಗೆ ಸಿಗುತ್ತದೆ. ಉಚ್ಚೆ ಸರಾಗ ಹೋಗಬೇಕಾದರೆ ಬೆರಳಲ್ಲಿ ಒಳಗೆ ತಳ್ಳಬೇಕು. ಹಳೇ ಪಂಚೆ ತುಂಡು ಮಡಚಿ ಕಚ್ಚೆಯ ಹಾಗೆ ಬಿಗಿದುಕೊಂಡು ತೋಟಕ್ಕೆ ಹೋಗುತ್ತಿದ್ದರಂತೆ, ವರ್ಷಾನುಗಟ್ಟಲೆ. ಕಾಫಿ ಕುಯ್ಲಿನ ದಿನಗಳಲ್ಲಿ ಬಟ್ಟೆ ಉಜ್ಜಿ ಉಜ್ಜಿ ಹುಣ್ಣಾಗುತ್ತಿತ್ತು. ಕೊಬ್ಬರಿ ಎಣ್ಣೆ ಹಚ್ಚಿ ಮಲಗುತ್ತಿದ್ದರು. ತೋಟದ ಕೂಲಿಯವರ ಲೈನ್ ಮನೆಯ ಹೆಂಗಸರಲ್ಲೂ ಇಬ್ಬರು ಮೂವರಿಗೆ ಹೀಗೇ ಇದೆ ಅಂದರು. ಅವರು ಹಣ್ಣಿನ ಚೀಲ ತಲೆ ಮೇಲೆ ಹೊತ್ತು ತೂಕದ ಜಾಗಕ್ಕೆ ಬರುವಾಗ ನಡಿಗೆ ನೋಡಿದರೇ ದೊಡ್ಡಮ್ಮನಿಗೆ ಗೊತ್ತಾಗುತ್ತಿತ್ತಂತೆ. ಆದರೂ ಒಬ್ಬರಿಗೊಬ್ಬರು ಬಾಯಿಬಿಟ್ಟು ಕೇಳಿದವರಿಲ್ಲ. ಇದಕ್ಕೆ ಆಸ್ಪತ್ರೆಯಲ್ಲಿ ಸರಿ ಮಾಡುತ್ತಾರೆ ದೊಡ್ಡಮ್ಮ ಅಂದೆ. ಅವರು ಕೈಯಲ್ಲಿದ್ದ ಕಾಳು ಹಾಗೇ ಹಿಡಿದು ನನ್ನ ಮುಖ ನೋಡಿದರು. "ಅದಕ್ಕೂ ಆಪರೇಷನ್ ಇದೆಯಾ ಮಗ?"

ಡಾಕ್ಟರ ಸೆರಗು

ಮೊದಲು ಒಂದು ನರ್ಸಿಂಗ್ ಹೋಮಿಗೆ ಹೋದೆವು. ಅಲ್ಲಿ ಪರೀಕ್ಷೆಗೆ ತೆಗೆದುಕೊಂಡ ಸಮಯಕ್ಕಿಂತ ಬಿಲ್ ಬರೆಯಲು ಹಿಡಿದ ಸಮಯವೇ ಜಾಸ್ತಿ. "ಗರ್ಭಕೋಶ ತೆಗೆದುಬಿಡೋಣ, ವಯಸ್ಸಾಯ್ತಲ್ಲ, ಇನ್ನು ಯಾಕೆ ಬೇಕು?" ಅಂತ ಹೇಳಿ ದಿನಾಂಕವನ್ನೂ ಕೊಟ್ಟರು. ದೊಡ್ಡಮ್ಮ ತಲೆ ಆಡಿಸಿದರು. ನನಗೆ ಸಮಾಧಾನ ಆಗಲಿಲ್ಲ. ಗೆಳತಿಯೊಬ್ಬಳು ಹೇಳಿದಳು ಅಂತ ದೊಡ್ಡಾಸ್ಪತ್ರೆಯ ಒಪಿಡಿಗೆ ಕರೆದುಕೊಂಡು ಹೋದೆ. ಅಲ್ಲಿ ಸಿಕ್ಕ ಡಾಕ್ಟರು ಐವತ್ತರ ಆಸುಪಾಸಿನ ಹೆಣ್ಣುಮಗಳು. ಪರದೆ ಎಳೆದು, ದೊಡ್ಡಮ್ಮನಿಗೆ ಕೆಮ್ಮಲು ಹೇಳಿ, ಮುಕ್ಕಲು ಹೇಳಿ, ನಿಧಾನಕ್ಕೆ ನೋಡಿದರು. ಆಮೇಲೆ ನಮ್ಮಿಬ್ಬರನ್ನೂ ಎದುರು ಕೂರಿಸಿಕೊಂಡು ತಮ್ಮ ಸೆರಗನ್ನೇ ಎರಡೂ ಕೈಯಲ್ಲಿ ಎಳೆದು ಹಿಡಿದರು. "ಅಮ್ಮಾ, ಮಗು ಮಲಗಿಸೋಕೆ ಸೀರೆ ಜೋಲಿ ಕಟ್ತೀರಲ್ಲ, ಹಾಗೆ ಕಿಬ್ಬೊಟ್ಟೆಯ ತಳದಲ್ಲಿ ಒಂದು ಸ್ನಾಯು ಇರುತ್ತೆ. ಮೇಲಿಂದ ಹಗ್ಗದ ಥರ ಕಟ್ಟುಗಳು. ಗರ್ಭಕೋಶ, ಮೂತ್ರಚೀಲ, ಮಲದ ಕರುಳು, ಎಲ್ಲ ಇದರ ಆಸರೆಯಲ್ಲಿ ಕೂತಿರ್ತವೆ. ಹೆರಿಗೆಯಲ್ಲಿ ಇದು ಹರೀಬಹುದು, ಹಿಗ್ಗಬಹುದು. ಮುಟ್ಟು ನಿಂತ ಮೇಲೆ ಇನ್ನೂ ತೆಳ್ಳಗಾಗುತ್ತೆ. ಅದರ ಮೇಲೆ ನೀವು ಹೊರೆ ಹೊತ್ರಿ, ಕೆಮ್ಮಿದ್ರಿ." ಸೆರಗನ್ನು ಸಡಿಲ ಬಿಟ್ಟು ತೋರಿಸಿದರು.

ನಂತರ ಅವರು ಹೇಳಿದ್ದು ನಾನು ಇವತ್ತಿಗೂ ಎಲ್ಲರಿಗೂ ಹೇಳುವ ಮಾತು. ಜಾರಿದ ಗರ್ಭಕೋಶವನ್ನು ಬರೀ ತೆಗೆದರೆ ಜಾರಿದ್ದಕ್ಕೆ ಕಾರಣ ಹೋಗುವುದಿಲ್ಲ. ಆಸರೆ ಸಡಿಲವಾಗಿಯೇ ಇರುತ್ತದೆ. ಯೋನಿಯ ಮೇಲಿನ ತುದಿಯನ್ನು ಗಟ್ಟಿ ಕಟ್ಟಿಗೆ ಸೇರಿಸಿ ಹೊಲಿಯದಿದ್ದರೆ ಮುಂದೆ ಯೋನಿಯೇ ಮಗುಚಿಕೊಂಡು ಹೊರಗೆ ಬರಬಹುದು. ಮುಂದಿನ ಗೋಡೆ ಸಡಿಲವಾದರೆ ಮೂತ್ರಚೀಲ ಉಬ್ಬಿ ಇಳಿಯುತ್ತದೆ, ಹಿಂದಿನ ಗೋಡೆ ಸಡಿಲವಾದರೆ ಮಲದ ಕರುಳು. ಆ ಗೋಡೆಗಳನ್ನು ಒಳಗಿನಿಂದ ಬಿಗಿಯಾಗಿ ಹೊಲಿದು, ಹೆರಿಗೆಯಲ್ಲಿ ಹರಿದ, ಯೋನಿಯ ಬಾಯಿಯ ಹತ್ತಿರದ ಸ್ನಾಯು ಜೋಡಿಸಿ, ಮೇಲಿನ ತುದಿಯನ್ನು ಎತ್ತಿ ಕಟ್ಟುವುದೇ ಮುಖ್ಯ ಕೆಲಸ. ಗರ್ಭಕೋಶ ತೆಗೆಯುವುದು ಕೆಲವರಿಗೆ ಇದರಲ್ಲಿ ಒಂದು ಹಂತ, ಕೆಲವರಿಗೆ ಬೇಕಾಗಿಯೂ ಇರುವುದಿಲ್ಲ. ಇನ್ನೂ ಮಕ್ಕಳು ಬೇಕು ಅನ್ನುವ ಚಿಕ್ಕ ವಯಸ್ಸಿನವರಿಗೆ ಗರ್ಭಕೋಶ ಉಳಿಸಿಕೊಂಡು ಹೊಟ್ಟೆಯ ಕಡೆಯಿಂದ ಎತ್ತಿ ಕಟ್ಟುವ ವಿಧಾನಗಳಿವೆ. ಮುಂಬೈನ ಶಿರೋಡ್ಕರ್, ಪುರಂದರೆ ಹೆಸರಿನಲ್ಲಿ ನಮ್ಮ ದೇಶದ ಡಾಕ್ಟರುಗಳು ಇವನ್ನು ಕಲಿಯುತ್ತಾರೆ. ಬಸುರಿಯಲ್ಲಿ ಗರ್ಭಕೋಶದ ಬಾಯಿಗೆ ಹಾಕುವ ಹೊಲಿಗೆಯಿಂದ ಪ್ರಪಂಚಕ್ಕೆಲ್ಲ ಗೊತ್ತಾದ ಶಿರೋಡ್ಕರ್ ಇವರೇ. ನಮ್ಮ ಹಳ್ಳಿ ಹೆಂಗಸರ ಕಷ್ಟ ನೋಡಿಯೇ ಹುಟ್ಟಿದ ವಿದ್ಯೆ ಇದು ಅಂತ ನನಗೆ ಅನಿಸುತ್ತದೆ. ಇಲ್ಲಿ ಮೂವತ್ತು ತುಂಬುವುದರೊಳಗೇ ಗರ್ಭಕೋಶ ಜಾರಿದವರು ಅಪರೂಪ ಅಲ್ಲ.

ಆಪರೇಷನ್ ಬೇಡ ಅಂದರೂ ದಾರಿ ಇದೆ ಅಂದರು ಡಾಕ್ಟರು. ಪೆಸರಿ ಅಂತ ಸಿಲಿಕೋನ್ ರಿಂಗ್ ಬರುತ್ತದೆ. ಅಳತೆ ನೋಡಿ ಒಳಗೆ ಕೂರಿಸಿದರೆ ಅದು ಜಾರುವುದನ್ನು ತಡೆದು ನಿಲ್ಲಿಸುತ್ತದೆ. ಆಗಾಗ ತೆಗೆದು ತೊಳೆಯಬೇಕು, ಡಾಕ್ಟರಿಗೆ ತೋರಿಸುತ್ತಿರಬೇಕು. ಸ್ವಲ್ಪ ಮಾತ್ರ ಇಳಿದಿದ್ದರೆ ತಳದ ಸ್ನಾಯುವಿನ ವ್ಯಾಯಾಮವೇ ಸಾಕಾಗಬಹುದು. ಆರ್ನಾಲ್ಡ್ ಕೆಗೆಲ್ ಅನ್ನುವ ಅಮೆರಿಕದ ಡಾಕ್ಟರು 1948ರಲ್ಲಿ ಇದರ ಬಗ್ಗೆ ಬರೆದರು, ಅವರ ಹೆಸರೇ ಉಳಿದಿದೆ. ಉಚ್ಚೆ ಮತ್ತು ಗಾಳಿ ತಡೆಯುವಾಗ ಯಾವ ಸ್ನಾಯು ಬಿಗಿಯುತ್ತೇವೋ ಅದನ್ನೇ ಬಿಗಿದು, ಕೆಲವು ಸೆಕೆಂಡು ಹಿಡಿದು, ಪೂರ್ತಿ ಸಡಿಲ ಬಿಡುವುದು. ದಿನಕ್ಕೆ ಒಂದಷ್ಟು ಸಲ, ತಿಂಗಳುಗಟ್ಟಲೆ ಮಾಡಬೇಕು. ಉಚ್ಚೆ ಹೊಯ್ಯುವಾಗಲೇ ತಡೆದು ಅಭ್ಯಾಸ ಮಾಡಬಾರದು. ನಮ್ಮ ಕಡೆ ಬಾಣಂತಿಗೆ ಹೊಟ್ಟೆ ಕಟ್ಟುತ್ತಾರೆ, ಎಣ್ಣೆ ನೀರು ಹಾಕುತ್ತಾರೆ, ಖಾರದ ಪುಡಿ ತಿನ್ನಿಸುತ್ತಾರೆ. ಅದರ ಜೊತೆ ಈ ಒಂದು ವ್ಯಾಯಾಮ ಹೇಳಿಕೊಟ್ಟಿದ್ದರೆ ಎಷ್ಟು ಜನಕ್ಕೆ ಉಪಕಾರ ಆಗುತ್ತಿತ್ತು ಅಂತ ಯೋಚಿಸಿದರೆ ಸಂಕಟ ಆಗುತ್ತದೆ.

ಕೊನೆಗೆ ಡಾಕ್ಟರು ಒಂದು ಪ್ರಶ್ನೆ ಕೇಳಿದರು. "ಅಮ್ಮಾ, ನೀವು ಯಜಮಾನ್ರು ಜೊತೆಗೆ ಮಲಗ್ತೀರಾ?" ದೊಡ್ಡಮ್ಮ ಸೆರಗಿನ ತುದಿ ಬಾಯಿಗೆ ಅಡ್ಡ ಹಿಡಿದರು. ಡಾಕ್ಟರು ನಗಲಿಲ್ಲ, ಅವಸರವನ್ನೂ ಮಾಡಲಿಲ್ಲ. ತುಂಬಾ ವಯಸ್ಸಾದವರಿಗೆ, ಇನ್ನು ಆ ಸಂಬಂಧ ಬೇಡ ಅನ್ನುವವರಿಗೆ, ಯೋನಿಯನ್ನು ಬಹುಪಾಲು ಮುಚ್ಚಿ ಹೊಲಿಯುವ ಸಣ್ಣ ಆಪರೇಷನ್ ಇದೆ, ಮತ್ತೆ ಜಾರುವುದು ತೀರಾ ಕಡಿಮೆ, ಆದರೆ ಆಮೇಲೆ ಕೂಡುವುದು ಆಗುವುದಿಲ್ಲ, ಅದಕ್ಕೇ ಕೇಳುತ್ತಿದ್ದೇನೆ ಅಂದರು. ದೊಡ್ಡಮ್ಮ ನನ್ನ ಕಡೆ ತಿರುಗಿ, "ನೀನು ಸ್ವಲ್ಪ ಹೊರಗಿರು ಮಗ" ಅಂದರು. ಹೊರಗೆ ಬೆಂಚಿನ ಮೇಲೆ ಕೂತೆ. ಒಳಗೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ. ಮುಚ್ಚುವ ಆಪರೇಷನ್ ಬೇಡ ಅಂತ ನಿರ್ಧಾರ ಆಗಿತ್ತು. ಅರವತ್ತು ದಾಟಿದ ಹೆಂಗಸಿಗೆ ಜೀವನದಲ್ಲಿ ಮೊದಲ ಸಲ ಯಾರೋ ಒಬ್ಬರು, ನಿನ್ನ ದೇಹದ ಈ ಭಾಗ ನಿನಗೆ ಹೇಗಿರಬೇಕು ಅಂತ ಕೇಳಿದ್ದರು.

ಅವರಿಗೆ ಬೇಕಾಗಿದ್ದು ಕುಕ್ಕರಗಾಲಲ್ಲಿ ಕೂರುವುದು ಮತ್ತು ಬಟ್ಟೆ ಬಿಗಿಯದೆ ಮದುವೆ ಮನೆಗೆ ಹೋಗುವುದು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿ ಆಪರೇಷನ್ ಮಾಡಿದರು. ಎಲ್ಲ ಕೆಳಗಿನಿಂದಲೇ, ಹೊಟ್ಟೆ ಮೇಲೆ ಗಾಯವೇ ಇಲ್ಲ. ಅದಕ್ಕೆ ಮುಂಚೆ ಹುಣ್ಣು ಮಾಯಲಿ ಅಂತ ಕೆಲವು ವಾರ ಕ್ರೀಮ್ ಹಚ್ಚಿಸಿದ್ದರು. ಆಪರೇಷನ್‌ಗಿಂತ ಕಷ್ಟವಾಗಿದ್ದು ಆಮೇಲಿನ ಆರು ವಾರ. ಭಾರ ಎತ್ತುವ ಹಾಗಿಲ್ಲ, ಮುಕ್ಕುವ ಹಾಗಿಲ್ಲ. ಇಡೀ ಜೀವನ ಹೊರೆ ಹೊತ್ತ ಹೆಂಗಸನ್ನು ಕೂರಿಸುವುದು ಅಂದರೆ ಸುಲಭವಾ? ದೊಡ್ಡಪ್ಪ ನೀರಿನ ಕೊಡ ಎತ್ತಿದ್ದನ್ನು ನಾನು ನೋಡಿದ್ದು ಆಗಲೇ. ಮತ್ತೆ ಜಾರುವ ಸಾಧ್ಯತೆ ಇದ್ದೇ ಇರುತ್ತದೆ, ಭಾರದ ಕೆಲಸಕ್ಕೆ ಮರಳಿದರೆ ಇನ್ನೂ ಜಾಸ್ತಿ ಅಂತ ಡಾಕ್ಟರು ಮೊದಲೇ ಹೇಳಿದ್ದರು. ದೊಡ್ಡಪ್ಪನ ಮುಂದೆಯೇ ಹೇಳಿದ್ದರು. ಅದು ಒಳ್ಳೆಯದೇ ಆಯಿತು.

ಹುಟ್ಟಿನಿಂದಲೇ ಇಲ್ಲದವರು

ದೊಡ್ಡಮ್ಮನ ವಿಷಯ ಮುಗಿದು ಒಂದಷ್ಟು ಕಾಲ ಆದ ಮೇಲೆ ಒಬ್ಬ ವಿದ್ಯಾರ್ಥಿನಿಯ ತಾಯಿ ಸ್ಟಾಫ್ ರೂಮಿಗೆ ಬಂದರು. ಗುರುತು ಸಿಗಬಾರದು ಅಂತ ಇಲ್ಲಿ ಕೆಲವು ವಿವರ ಬದಲಿಸಿದ್ದೇನೆ. ಹುಡುಗಿ ಸೆಕೆಂಡ್ ಪಿಯುಗೆ ಬಂದಿದ್ದರೂ ಮುಟ್ಟಾಗಿರಲಿಲ್ಲ. ಬೇರೆ ಬೆಳವಣಿಗೆ ಎಲ್ಲ ಸರಿಯಾಗಿಯೇ ಇತ್ತು. ಓರಗೆಯ ಹುಡುಗಿಯರಿಗೆಲ್ಲ ಆರತಿ ಆಗಿ ವರ್ಷಗಳೇ ಕಳೆದಿದ್ದವು. ತಾಯಿ ಹರಕೆ ಹೊತ್ತರು, ನಾಟಿ ಔಷಧಿ ಕೊಡಿಸಿದರು, ಕೊನೆಗೆ ಸ್ಕ್ಯಾನ್ ಮಾಡಿಸಿದರು. ಗರ್ಭಕೋಶವೇ ಕಾಣಲಿಲ್ಲ. ಯೋನಿಯೂ ಹೊರಗೆ ಒಂದು ಸಣ್ಣ ಗುಳಿಯಷ್ಟೇ. ಎಂಆರ್‌ಕೆಎಚ್ ಅಂತ ಇದನ್ನು ಕರೆಯುತ್ತಾರೆ. ಸುಮಾರು 4,500ರಿಂದ 5,000 ಹೆಣ್ಣುಮಕ್ಕಳಲ್ಲಿ ಒಬ್ಬರು ಹೀಗೆ ಹುಟ್ಟುತ್ತಾರೆ. ಅಂಡಾಶಯ ಇರುತ್ತದೆ, ಹಾರ್ಮೋನು ಸರಿಯಾಗಿರುತ್ತದೆ, ಅದಕ್ಕೇ ಮುಟ್ಟಿನ ವಯಸ್ಸು ದಾಟುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ಕೆಲವರಿಗೆ ಕಿಡ್ನಿಯಲ್ಲೂ ವ್ಯತ್ಯಾಸ ಇರುವುದರಿಂದ ಅದನ್ನೂ ನೋಡಿಸಬೇಕು.

ತಾಯಿ ಕೇಳಿದ್ದು ಒಂದೇ. "ಮದುವೆಗೆ ಮುಂಚೆ ಆಪರೇಷನ್ ಮಾಡಿಸಿಬಿಟ್ರೆ ಗಂಡಿನ ಕಡೆಯವರಿಗೆ ಗೊತ್ತಾಗಲ್ಲ ಅಲ್ವಾ ಮಿಸ್?" ಅವರ ಭಯ ನನಗೆ ಅರ್ಥವಾಯಿತು. ಆದರೆ ಈ ಆಪರೇಷನ್ ಮಾಡಿಸಿ ಮರೆತುಬಿಡುವಂಥದ್ದಲ್ಲ. ಆರ್ಚಿಬಾಲ್ಡ್ ಮ್ಯಾಕಿಂಡೊ ಅನ್ನುವವರು 1938ರಲ್ಲಿ ಪ್ರಕಟಿಸಿದ ವಿಧಾನ ಈಗಲೂ ಬಳಕೆಯಲ್ಲಿದೆ. ಮೂತ್ರಚೀಲಕ್ಕೂ ಮಲದ ಕರುಳಿಗೂ ಮಧ್ಯೆ ಜಾಗ ಬಿಡಿಸಿ, ತೊಡೆಯಿಂದಲೋ ಪೃಷ್ಠದಿಂದಲೋ ತೆಳ್ಳನೆಯ ಚರ್ಮ ತೆಗೆದು ಅಚ್ಚಿಗೆ ಸುತ್ತಿ ಒಳಗೆ ಕೂರಿಸುತ್ತಾರೆ. ಚರ್ಮದ ಬದಲು ಹೆರಿಗೆಯಲ್ಲಿ ಸಿಗುವ ಮಾಸುಚೀಲದ ಪೊರೆ ಬಳಸುವುದೂ ನಮ್ಮ ದೇಶದಲ್ಲಿದೆ. ಕರುಳಿನ ತುಂಡಿನಿಂದಲೂ ಮಾಡುತ್ತಾರೆ. ಚರ್ಮ ಹಾಕಿ ಮಾಡಿದ ಮೇಲೆ ತಿಂಗಳುಗಟ್ಟಲೆ ಅಚ್ಚು ಹಾಕಿಕೊಂಡಿರಬೇಕು, ಇಲ್ಲದಿದ್ದರೆ ಕುಗ್ಗಿ ಮುಚ್ಚಿಕೊಳ್ಳುತ್ತದೆ. ಮನಸ್ಸಿಲ್ಲದ ಹುಡುಗಿ ಅದನ್ನು ಹೇಗೆ ಮಾಡಿಯಾಳು? ಇನ್ನೊಂದು ವಿಷಯ ತಾಯಿಗೆ ಯಾರೂ ಹೇಳಿರಲಿಲ್ಲ. ಬಹಳ ಜನಕ್ಕೆ ಚಾಕು ಮುಟ್ಟಿಸುವ ಅಗತ್ಯವೇ ಇಲ್ಲ. ಡೈಲೇಟರ್ ಅನ್ನುವ ನಯವಾದ ಕಡ್ಡಿಗಳನ್ನು ಸಣ್ಣದರಿಂದ ಶುರುಮಾಡಿ ದಿನಾ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ತಿಂಗಳುಗಳಲ್ಲಿ ಆ ಗುಳಿಯೇ ಆಳವಾಗುತ್ತದೆ. ಮೊದಲು ಇದನ್ನೇ ಮಾಡಿಸಿ ನೋಡಬೇಕು ಅನ್ನುವುದು ಡಾಕ್ಟರುಗಳ ಒಪ್ಪಿತ ಪದ್ಧತಿ. ಇದಕ್ಕೂ ಹುಡುಗಿಗೇ ಬೇಕು ಅನಿಸಿರಬೇಕು, ಅವಳು ಸಿದ್ಧ ಆದಾಗಲೇ ಶುರುಮಾಡಬೇಕು. ಇದು ಅಮ್ಮನ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಕೆಲಸ ಅಲ್ಲ.

ಹುಡುಗಿಯ ಜೊತೆ ಆಮೇಲೆ ಮಾತಾಡಿದೆ. ಅವಳಿಗೆ ಆಗ ಮದುವೆಯ ಯೋಚನೆಯೇ ಇರಲಿಲ್ಲ. ಅವಳು ಕೇಳಿದ್ದು ಬೇರೆ. "ಮಿಸ್, ನಾನು ಹುಡುಗಿನೇ ತಾನೆ?" ಹೌದು ಅಂದೆ, ಎಷ್ಟು ಸಲ ಬೇಕಾದರೂ ಹೇಳುತ್ತೇನೆ ಅಂದೆ. ಮೈಸೂರಿನಲ್ಲಿ ಒಳ್ಳೆಯ ಡಾಕ್ಟರೊಬ್ಬರನ್ನು ಹುಡುಕಿದೆವು. ಆಪರೇಷನ್ ಮಾತನ್ನು ಅವರು ಪಕ್ಕಕ್ಕಿಟ್ಟು ಮೊದಲು ಅವಳಿಗೆ ಅವಳ ದೇಹದ ಚಿತ್ರ ಬರೆದು ತೋರಿಸಿದರು. ಮುಂದೆ ಮಗು ಬೇಕು ಅನಿಸಿದರೆ ಅಂಡಾಣು ಅವಳದೇ ಇರುತ್ತದೆ ಅಂತಲೂ, ಗರ್ಭಕೋಶ ಇಲ್ಲದವರಿಗೆ 2021ರ ಬಾಡಿಗೆ ತಾಯ್ತನದ ಕಾಯ್ದೆಯಲ್ಲಿ ಅವಕಾಶ ಇದೆ ಅಂತಲೂ ಹೇಳಿದರು. ಗರ್ಭಕೋಶ ಕಸಿ ಕೂಡ ಈಗ ಕನಸಲ್ಲ. ಸ್ವೀಡನ್‌ನಲ್ಲಿ 2014ರಲ್ಲಿ, ಪುಣೆಯಲ್ಲಿ 2018ರಲ್ಲಿ ಹಾಗೆ ಮಗು ಹುಟ್ಟಿದೆ.

ಕೇಳಿದ್ದು ಯಾರು?

ಇಷ್ಟೆಲ್ಲ ನೋಡಿದ ಮೇಲೆ ನನಗೆ ಈ ಆಪರೇಷನ್‌ಗಳ ಬಗ್ಗೆ ಇರುವ ಪ್ರಶ್ನೆ ಒಂದೇ. ಬೇಕು ಅಂದವರು ಯಾರು? ಈ ವಿದ್ಯೆಯ ಚರಿತ್ರೆಯಲ್ಲೇ ಆ ಪ್ರಶ್ನೆ ಮುಳ್ಳಿನ ಹಾಗೆ ಕೂತಿದೆ. ಹೆರಿಗೆ ದಿನಗಟ್ಟಲೆ ನಿಂತುಹೋಗಿ, ಮಗುವಿನ ತಲೆ ಒತ್ತಿ, ಮೂತ್ರಚೀಲಕ್ಕೂ ಯೋನಿಗೂ ಮಧ್ಯೆ ತೂತಾಗಿ ಸದಾ ಉಚ್ಚೆ ಸೋರುವ ಕಷ್ಟವನ್ನು ಫಿಸ್ಟುಲಾ ಅನ್ನುತ್ತಾರೆ. ಅದನ್ನು ಹೊಲಿಯುವ ಕ್ರಮವನ್ನು ರೂಢಿಸಿದ ಮರಿಯನ್ ಸಿಮ್ಸ್ 1840ರ ದಶಕದಲ್ಲಿ ಅಮೆರಿಕದ ಅಲಬಾಮಾದಲ್ಲಿ ಗುಲಾಮ ಹೆಂಗಸರ ಮೇಲೆ ಪ್ರಯೋಗ ಮಾಡಿದ, ಅರಿವಳಿಕೆ ಇಲ್ಲದೆ. ಅನಾರ್ಕಾ, ಲೂಸಿ, ಬೆಟ್ಸಿ ಅಂತ ಮೂವರ ಹೆಸರು ಮಾತ್ರ ಉಳಿದಿದೆ. ಅನಾರ್ಕಾಳ ಮೇಲೆ ಸುಮಾರು ಮೂವತ್ತು ಸಲ ಆಪರೇಷನ್ ಆಯಿತು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿದ್ದ ಅವನ ಪ್ರತಿಮೆಯನ್ನು 2018ರಲ್ಲಿ ತೆಗೆದರು. ಅವತ್ತು ಕಲಿತದ್ದು ಇವತ್ತು ಲಕ್ಷಾಂತರ ಹೆಂಗಸರನ್ನು ಉಳಿಸಿದೆ, ನಿಜ. ಆದರೆ ಆ ಮೂವರನ್ನು ಬೇಕಾ ಅಂತ ಯಾರೂ ಕೇಳಿರಲಿಲ್ಲ.

ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುವವರು ಯೋನಿ ಮಾಡಿಸಿಕೊಳ್ಳುವ ವಿಷಯಕ್ಕೂ ಇದೇ ಮಾತು. ಅವರ ಬಗ್ಗೆ ನಮ್ಮ ಜನ ಏನೇನೋ ಆಡುತ್ತಾರೆ. ತನ್ನ ದೇಹ ತನ್ನದು ಅನಿಸಬೇಕು ಅನ್ನುವ ಆಸೆ ದೊಡ್ಡಮ್ಮನದಕ್ಕಿಂತ ಬೇರೆ ಅಂತ ನನಗೆ ಅನಿಸುವುದಿಲ್ಲ. ಬೇಡ ಅನ್ನುವವರೂ ಇದ್ದಾರೆ, ಅದೂ ಅವರ ಇಷ್ಟ. ಹೆಣ್ಣು ಅಂತ ಒಪ್ಪಬೇಕಾದರೆ ಆಪರೇಷನ್ ಆಗಿರಲೇಬೇಕು ಅಂತ ಹಠ ಹಿಡಿಯುವುದು ತಪ್ಪು ಅಂತ ಸುಪ್ರೀಂ ಕೋರ್ಟ್ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ (ನಾಲ್ಸಾ) ಮೊಕದ್ದಮೆಯ 2014ರ ತೀರ್ಪಿನಲ್ಲೇ ಹೇಳಿತು. ಬೇಕು ಅನ್ನುವ ಬಡವರಿಗಾಗಿ 2022ರಲ್ಲಿ ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತ್ ಅಡಿಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯ ವಿಮೆ ಪ್ರಕಟಿಸಿತು. ಗುಟ್ಟಾಗಿ, ಅರೆಬರೆ ಗೊತ್ತಿದ್ದವರ ಕೈಯಲ್ಲಿ ಕೊಯ್ಯಿಸಿಕೊಂಡು ಸತ್ತವರ ಕತೆಗಳನ್ನು ಕೇಳಿದ ಮೇಲೆ ಇದು ಎಷ್ಟು ಮುಖ್ಯ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ನನಗೆ ಸಿಟ್ಟು ಬರುವುದು ಇನ್ನೊಂದು ಬಗೆಗೆ. ಈಗ ಫೋನ್ ತೆರೆದರೆ ಸಾಕು, ಬಿಗಿ ಮಾಡುತ್ತೇವೆ, ಮತ್ತೆ ಕನ್ಯೆ ಮಾಡುತ್ತೇವೆ, ಲೇಸರ್‌ನಲ್ಲಿ ಹತ್ತೇ ನಿಮಿಷ ಅಂತ ಜಾಹೀರಾತು. ಈ ಲೇಸರ್ ಯಂತ್ರಗಳಿಂದ ಸುಟ್ಟ ಗಾಯ, ಕಲೆ, ಬಿಡದ ನೋವು ಆಗುತ್ತಿದೆ ಅಂತ ಔಷಧಿ, ವೈದ್ಯಕೀಯ ಯಂತ್ರಗಳ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಕೆ ಕೊಟ್ಟಿದೆ. ಮದುವೆ ಗೊತ್ತಾದ ಹುಡುಗಿಯೊಬ್ಬಳು ಯೋನಿಯ ಬಾಯಿಯಲ್ಲಿರುವ ಕನ್ಯಾಪೊರೆ ಹೊಲಿಸಿಕೊಳ್ಳುವ ಬಗ್ಗೆ ಅಳುತ್ತಾ ವಿಚಾರಿಸಿದ್ದನ್ನು ಕೇಳಿದ್ದೇನೆ. ಪೊರೆ ನೋಡಿ ಕನ್ಯೆಯೋ ಅಲ್ಲವೋ ಅಂತ ಹೇಳಲು ಯಾವ ಡಾಕ್ಟರಿಗೂ ಆಗುವುದಿಲ್ಲ. ಅಂಥ ಪರೀಕ್ಷೆಯನ್ನೇ ನಿಲ್ಲಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ಹೆದರಿಸಿ ದುಡ್ಡು ಮಾಡುವವರ ಕೈಗೆ ನಮ್ಮ ಮಕ್ಕಳು ಸಿಗುತ್ತಿದ್ದಾರೆ. ಹೊರೆ ಹೊತ್ತು ನಿಜವಾಗಿ ಜಾರಿದವರಿಗೆ ಮಾತ್ರ ಒಂದು ಜಾಹೀರಾತೂ ಇಲ್ಲ.

ಹೋಗುವವರಿಗೆ

ಇದನ್ನು ಓದಿ ಯಾರಾದರೂ ಅಮ್ಮನನ್ನೋ ಅತ್ತೆಯನ್ನೋ ಕರೆದುಕೊಂಡು ಹೋಗುವುದಾದರೆ ಕೆಲವು ಮಾತು. ಜಿಲ್ಲಾಸ್ಪತ್ರೆಯ ಹೆಂಗಸರ ವಿಭಾಗದಲ್ಲಿ ಇದನ್ನು ದಿನಾ ನೋಡುತ್ತಿರುತ್ತಾರೆ, ನಾಚಿಕೆ ಬೇಕಿಲ್ಲ. ಬಿಪಿಎಲ್ ಕಾರ್ಡು, ಆಯುಷ್ಮಾನ್ ಕಾರ್ಡು ಜೊತೆಗಿರಲಿ. ಆಶಾ ಅಕ್ಕನಿಗೆ ಮೊದಲೇ ಒಂದು ಮಾತು ಹೇಳಿದರೆ ಒಪಿಡಿಯಲ್ಲಿ ಅಲೆದಾಟ ಕಡಿಮೆ. ಇಳಿದಿರುವುದು ಏನು, ಮುಂದಿನ ಗೋಡೆಯಾ, ಹಿಂದಿನದಾ, ಗರ್ಭಕೋಶವಾ ಅಂತ ಕೇಳಿ. ರಿಂಗ್ ಹಾಕಿ ನೋಡಬಹುದಾ ಅಂತ ಕೇಳಿ. ಗರ್ಭಕೋಶ ತೆಗೆಯುತ್ತೇವೆ ಅಂದರೆ ಮೇಲಿನ ತುದಿಯನ್ನು ಯಾವುದಕ್ಕೆ ಕಟ್ಟುತ್ತೀರಿ ಅಂತ ಕೇಳಿ. ಬಲೆ, ಅಂದರೆ ಮೆಶ್, ಹಾಕುತ್ತೀರಾ ಅಂತಲೂ ಕೇಳಿ. ಜಾರುವುದಕ್ಕೆ ಯೋನಿಯ ಕಡೆಯಿಂದ ಹಾಕುವ ಮೆಶ್ ಮಾರುವುದನ್ನು ಅಮೆರಿಕ 2019ರಲ್ಲಿ ನಿಲ್ಲಿಸಿತು. ಅದು ಗೋಡೆ ಕೊರೆದು ಹೊರಬಂದು ಎಷ್ಟೋ ಜನ ನರಳಿದ್ದರು. ಉಚ್ಚೆ ಪೂರ್ತಿ ಕಟ್ಟಿದರೆ, ಹೊರಗೆ ಬಂದಿದ್ದು ಒಳಗೆ ಹೋಗದೆ ನೋವು ಜಾಸ್ತಿ ಆದರೆ, ಹುಣ್ಣಾಗಿ ರಕ್ತ ಬಂದರೆ ತಕ್ಷಣ ಹೋಗಿ. ಉಳಿದಂತೆ ಅವಸರ ಇಲ್ಲ, ಇದು ಒಂದೆರಡು ತಿಂಗಳು ಕಾಯಬಹುದಾದ ಆಪರೇಷನ್. ಕಾಫಿ ಕುಯ್ಲು ಮುಗಿಸಿ, ಮನೆಯಲ್ಲಿ ನೀರು ಹೊರಲು ಯಾರಾದರೂ ಒಪ್ಪಿದ ಮೇಲೆ ದಿನ ಗೊತ್ತು ಮಾಡಿ. ನಿಮ್ಮ ಪ್ರಶ್ನೆಗೆ ಉತ್ತರ ಕೊಡಲು ಪುರುಸೊತ್ತಿಲ್ಲದ ಕಡೆ ಮಾತ್ರ ದಿನ ಗೊತ್ತು ಮಾಡಿಕೊಳ್ಳಬೇಡಿ.